ಸಕಲೇಶಪುರ ಸ್ಟೇಷನ್: ಹಳಿ ಬಂದದ್ದು ಯಾವಾಗ, ಗಾಡಿ ಅಷ್ಟು ಹೊತ್ತು ನಿಲ್ಲೋದು ಯಾಕೆ, ಹಗಲು ಗಾಡಿ ಯಾವುದು?

ಆಲೂರು ಅರಳಿಕಟ್ಟೆ (ಪ್ರಶ್ನೆ)

ಶಾಲೆಯ ಗೋಡೆ ಪತ್ರಿಕೆಗೆ ಸಕಲೇಶಪುರ ರೈಲು ನಿಲ್ದಾಣದ ಬಗ್ಗೆ ಒಂದು ಪುಟ ಆಗಬೇಕಿದೆ. ಹುಡುಕಿದ ಕಡೆಯೆಲ್ಲ ಇಸವಿಗಳು ತಾಳೆ ಆಗ್ತಿಲ್ಲ. ಒಂದು ಕಡೆ ಮಂಗಳೂರು ಲೈನ್ 1979ರದ್ದು ಅಂತಾರೆ, ಇನ್ನೊಂದು ಕಡೆ 2006, ಮತ್ತೊಂದು ಕಡೆ 2007. ಇದರಲ್ಲಿ ಯಾವುದು ಸರಿ?

ಎರಡನೇದು, ಮಂಗಳೂರು ಕಡೆ ಹೋಗುವ ಗಾಡಿ ಸಕಲೇಶಪುರದಲ್ಲಿ ಹತ್ತು ನಿಮಿಷದಷ್ಟು ನಿಂತು ಹಿಂದೆ ಎಂಜಿನ್ ಕಟ್ಟಿಸಿಕೊಂಡು ಹೊರಡುತ್ತೆ. ಏರುವಾಗ ತಳ್ಳೋಕೆ ಎಂಜಿನ್ ಬೇಕು, ಸರಿ. ಇಳಿಯುವಾಗ ಯಾಕೆ? ಮಕ್ಕಳು ಇದನ್ನೇ ಕೇಳ್ತಾರೆ.

ಮೂರನೇದು, ಘಟ್ಟವನ್ನು ಬೆಳಕಿನಲ್ಲಿ ನೋಡಬೇಕಾದರೆ ಯಾವ ವಾರ ಯಾವ ಗಾಡಿ? ಮಳೆಗಾಲ ಬಂತೆಂದರೆ ಲೈನ್ ಮುಚ್ಚುವ ಕಾರಣವನ್ನೂ ತಿಳಿದವರು ಬಿಡಿಸಿ ಹೇಳಿ.

---

ಹೇಮಾವತಿ ದಡ

ಮೂರು ಇಸವಿಯೂ ಸರಿ ಸರ್. ಮೂರೂ ಬೇರೆ ಬೇರೆ ಘಟನೆಯವು, ಬರೆಯುವವರು ಒಂದರ ಮೇಲೊಂದು ಹೇರಿದ್ದರಿಂದ ಗೊಂದಲ ಆಗಿದೆ.

ಹಾಸನಕ್ಕೆ ರೈಲು ಬಂದದ್ದು ಮೈಸೂರು–ಅರಸೀಕೆರೆ ಮೀಟರ್ ಗೇಜ್ ಮಾರ್ಗದಲ್ಲಿ, 1910ರ ದಶಕದ ಕೊನೆಗೆ. ಮಂಗಳೂರಿಗೆ ಅದಕ್ಕೂ ಮೊದಲೇ, 1907ರಲ್ಲಿ, ಕಣ್ಣೂರಿನ ಕಡೆಯಿಂದ ಹಳಿ ತಲುಪಿತ್ತು. ಅಂದರೆ ಘಟ್ಟದ ಮೇಲೆ ಒಂದು ರೈಲು, ಘಟ್ಟದ ಕೆಳಗೆ ಒಂದು ರೈಲು. ಎರಡನ್ನೂ ಸೇರಿಸುವ ಕೆಲಸ ಮಾತ್ರ ಅರ್ಧ ಶತಮಾನ ದಾಟಿದರೂ ಆಗಲಿಲ್ಲ. ಕೆಲಸಕ್ಕೆ ಜೋರು ಬಂದದ್ದು 1960ರ ದಶಕದಲ್ಲಿ. ಹಿಂದೆ ಇದ್ದ ಕಾರಣ ಮಂಗಳೂರಿನ ಪಣಂಬೂರಿನ ಹೊಸ ಬಂದರು. ಆ ಬಂದರು 1974ರಲ್ಲಿ ಪ್ರಮುಖ ಬಂದರು ಎಂದು ಘೋಷಣೆ ಆಯ್ತು. ಒಳನಾಡಿಗೆ ರೈಲು ದಾರಿ ಇಲ್ಲದೆ ಬಂದರು ಕಟ್ಟಿ ಏನು ಪ್ರಯೋಜನ? ಹಾಗಾಗಿ ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಪೂರ್ತಿ ಮುಗೀತು, ಮೀಟರ್ ಗೇಜಿನಲ್ಲಿ.

ಮುಂದೆ ಗೇಜ್ ಪರಿವರ್ತನೆ. ಮೀಟರ್ ಗೇಜ್ ಅಂದರೆ ಹಳಿಯಿಂದ ಹಳಿಗೆ 1,000 ಮಿ.ಮೀ., ಬ್ರಾಡ್ ಗೇಜ್ ಅಂದರೆ 1,676 ಮಿ.ಮೀ. ಮೈಸೂರು–ಹಾಸನ–ಅರಸೀಕೆರೆ ಕಡೆ 1990ರ ದಶಕದಲ್ಲಿ ದೊಡ್ಡ ಗೇಜ್ ಆದಾಗ ಸಣ್ಣ ಗೇಜಿನ ಘಟ್ಟ ಒಂಟಿಯಾಗಿ ಉಳೀತು. 1996ರಲ್ಲಿ ಘಟ್ಟದ ಮೇಲೆ ಗಾಡಿ ನಿಲ್ಲಿಸಿ ಕೆಲಸ ಶುರು ಮಾಡಿದರು. ಹಣ ಸಾಲದೆ ಎಳೆದಾಡಿ, 2003ರಲ್ಲಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಅಂತ ಪ್ರತ್ಯೇಕ ಕಂಪನಿಯನ್ನೇ ಕಟ್ಟಬೇಕಾಯ್ತು. ರೈಲ್ವೆ, ರಾಜ್ಯ ಸರ್ಕಾರ, ಬಂದರು ಎಲ್ಲ ಅದರಲ್ಲಿ ಪಾಲುದಾರರು. ಕಂಪನಿಯ ಲೆಕ್ಕದಲ್ಲಿ ಮಾರ್ಗದ ಉದ್ದ 183 ಕಿ.ಮೀ.

2006ರಲ್ಲಿ ಗೂಡ್ಸ್ ಗಾಡಿ ಇಳೀತು. ಪ್ರಯಾಣಿಕರ ಗಾಡಿಗೆ ರೈಲ್ವೆ ಸುರಕ್ಷತಾ ಆಯುಕ್ತರ ಒಪ್ಪಿಗೆ ಬೇಕು. ಅದೆಲ್ಲ ಮುಗಿದು 2007ರ ಡಿಸೆಂಬರ್‌ನಲ್ಲಿ ಜನರ ಗಾಡಿ ಓಡಿತು. 1996ರಿಂದ 2007 ಅಂದರೆ ಹನ್ನೊಂದು ವರ್ಷ ಜನರಿಗೆ ಘಟ್ಟದ ರೈಲೇ ಇರಲಿಲ್ಲ. ಅಷ್ಟೂ ಭಾರ ಬಿದ್ದದ್ದು ಶಿರಾಡಿ ಘಾಟಿಯ ರಸ್ತೆ ಮೇಲೆ.

ನಿಮ್ಮ ಪುಟಕ್ಕೆ ಇನ್ನೊಂದು ಇಸವಿ ಸೇರಿಸಿಕೊಳ್ಳಿ: 2017ರ ಮಾರ್ಚ್. ಆಗ ಬೆಂಗಳೂರಿನಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ಮಾರ್ಗ ತೆರೀತು. ಅದಕ್ಕೆ ಮೊದಲು ಅರಸೀಕೆರೆ ಸುತ್ತಬೇಕಿತ್ತು, ಇಲ್ಲವೇ ಮೈಸೂರು ಸುತ್ತಬೇಕಿತ್ತು. ಸಕಲೇಶಪುರಕ್ಕೆ ಹಗಲು ಗಾಡಿಗಳು ಈಗಿನ ಹೊತ್ತಿಗೆ ಬರೋಕೆ ಆ ಮಾರ್ಗವೇ ಕಾರಣ.

---

ಕೆಂಪುಹೊಳೆ 55

ಎರಡನೇ ಪ್ರಶ್ನೆಗೆ ಉತ್ತರ. ಸ್ವಲ್ಪ ಉದ್ದ ಆಗುತ್ತೆ. ಈ ಸ್ಟೇಷನ್ನಿನಲ್ಲಿ ಏನೇನು ವಿಶೇಷ ಇದೆಯೋ ಅದೆಲ್ಲಕ್ಕೂ ಮೂಲ ಒಂದೇ, ಐವತ್ತಕ್ಕೆ ಒಂದರ ಇಳಿಜಾರು. ಅದು ಗೊತ್ತಾದರೆ ಉಳಿದದ್ದು ತಾನೇ ಗೊತ್ತಾಗುತ್ತೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ, ಅಂದರೆ ನೆಟ್ಟಣಕ್ಕೆ, 55 ಕಿ.ಮೀ. ನಡುವೆ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಮೇಲಿನ ತುದಿ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್, ಕೆಳಗಿನ ತುದಿ ನೂರ ಚಿಲ್ಲರೆ. ಐವತ್ತಕ್ಕೆ ಒಂದು ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ, ಕಿಲೋಮೀಟರಿಗೆ 20 ಮೀಟರ್. ರಸ್ತೆ ಲೆಕ್ಕದಲ್ಲಿ ಇದು ಏನೂ ಅಲ್ಲ, ಸೈಕಲ್ಲಿನವರೂ ಹತ್ತುತ್ತಾರೆ. ಆದರೆ ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ, ಹಿಡಿತ ಕಡಿಮೆ. ರೈಲಿಗೆ ಇದು ಗೋಡೆ ಹತ್ತಿದ ಹಾಗೆ.

ಲೆಕ್ಕ ಹಾಕಿ ನೋಡಿ. 16 ಬೋಗಿಯ ಗಾಡಿ, ಬೋಗಿಗೆ ಜನ ಸೇರಿ 50 ಟನ್ ಹಿಡಿದರೆ 800 ಟನ್. ಇಳಿಜಾರು ಅದನ್ನು ಕೆಳಕ್ಕೆ ಎಳೆಯುವ ಬಲ ಐವತ್ತನೇ ಒಂದು ಭಾಗ, 16 ಟನ್. ಎರಡು ಡೀಸೆಲ್ ಎಂಜಿನ್ ತಲಾ 126 ಟನ್, ಅವುಗಳದ್ದೇ 5 ಟನ್ ಎಳೆತ. ತಿರುವುಗಳಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುವುದು ಬೇರೆ. ಎಲ್ಲ ಸೇರಿ 25 ಟನ್ ಸುಮಾರು. ಒಣ ಹಳಿ ಮೇಲೆ 4,000 ಅಶ್ವಶಕ್ತಿಯ ಒಂದು ಎಂಜಿನ್ ಇದನ್ನು ಹೇಗೋ ಎಳೆಯುತ್ತೆ. ಆದರೆ ಇಲ್ಲಿ ಹಳಿ ಒಣಗಿರುವ ತಿಂಗಳು ಎಷ್ಟು? ಮಂಜು, ಜಡಿಮಳೆ, ಸುರಂಗದೊಳಗಿನ ತೇವ, ಹಳಿ ಮೇಲೆ ಬಿದ್ದ ಎಲೆ. ಚಕ್ರ ಜಾರಿ ಅಲ್ಲೇ ಗಿರ್ರನೆ ತಿರುಗಿದರೆ ಹಳಿ ಸವೆಯುತ್ತೆ, ಗಾಡಿ ನಿಲ್ಲುತ್ತೆ. ಏರಿನ ನಡುವೆ ನಿಂತ ಗಾಡಿಯನ್ನು ಮತ್ತೆ ಹೊರಡಿಸುವುದು ಓಡುತ್ತಿರುವುದನ್ನು ಎಳೆದಂತಲ್ಲ. ಚಕ್ರದ ಮುಂದೆ ಹಳಿಗೆ ಮರಳು ಉದುರಿಸುವ ವ್ಯವಸ್ಥೆ ಎಂಜಿನ್ನಿನಲ್ಲಿದೆ. ಆ ಮರಳು ಒದ್ದೆಯಾಗಿ ಗಂಟು ಕಟ್ಟಿದರೆ ಅದೂ ಕೈಕೊಡುತ್ತೆ. ಅದಕ್ಕೇ ಹಿಂದಿನಿಂದ ತಳ್ಳುವ ಎಂಜಿನ್, ಬ್ಯಾಂಕರ್.

ಎಲ್ಲ ಎಂಜಿನ್ನನ್ನೂ ಮುಂದೆಯೇ ಕಟ್ಟಬಹುದಲ್ಲ ಅಂತ ಕೇಳಬಹುದು. ಕಟ್ಟಿದರೆ ಮೊದಲ ಬೋಗಿಯ ಕೊಂಡಿ ಮೇಲೆ ಇಡೀ ಗಾಡಿಯ ಭಾರ ಬೀಳುತ್ತೆ. ಬಿಗಿಯಾದ ತಿರುವಿನಲ್ಲಿ ದಾರ ಎಳೆದ ಹಾಗೆ ಆಗಿ, ಹಗುರ ಬೋಗಿ ತಿರುವಿನ ಒಳಬದಿಗೆ ಸೆಳೆದು ಹಳಿ ತಪ್ಪುವ ಅಪಾಯವೂ ಇದೆ. ಅರ್ಧ ಬಲ ಹಿಂದಿನಿಂದ ಬಂದರೆ ಕೊಂಡಿಗೂ ತಿರುವಿಗೂ ಒತ್ತಡ ಅರ್ಧ.

ಈಗ ಇಳಿಯುವಾಗಿನ ಮಾತು. ಮಕ್ಕಳಿಗೆ ಹೀಗೆ ಹೇಳಿ: ಎಂಜಿನ್ ಅಲ್ಲಿ ಎಳೆಯೋಕೆ ಅಲ್ಲ, ಹಿಡಿಯೋಕೆ. ಸಾವಿರ ಟನ್ ಗಾಡಿ 780 ಮೀಟರ್ ಇಳಿದರೆ ಅದು ಬಿಡುವ ಶಕ್ತಿ 2,000 ಯೂನಿಟ್ ಕರೆಂಟಿಗಿಂತ ಜಾಸ್ತಿ. ಆ ಶಕ್ತಿ ಎಲ್ಲಾದರೂ ಹೋಗಲೇಬೇಕು. ಬರೀ ಬ್ರೇಕ್ ಹಾಕಿಕೊಂಡೇ ಇಳಿದರೆ ಅಷ್ಟೂ ಬಿಸಿಯಾಗಿ ಬ್ರೇಕಿನ ಬ್ಲಾಕಿಗೆ, ಚಕ್ರಕ್ಕೆ ಹೋಗುತ್ತೆ. ಕಾದ ಬ್ಲಾಕು ಹಿಡಿಯೋದು ಕಮ್ಮಿ ಆಗುತ್ತೆ, ಸವೆಯುತ್ತೆ. ಹಾಗಾಗಿ ಎಂಜಿನ್ನಿನ ಡೈನಮಿಕ್ ಬ್ರೇಕ್ ಬಳಸುತ್ತಾರೆ: ಚಕ್ರ ತಿರುಗಿಸುವ ಮೋಟರನ್ನೇ ಜನರೇಟರ್ ಮಾಡಿ, ಹುಟ್ಟಿದ ಕರೆಂಟನ್ನು ಎಂಜಿನ್ನಿನ ತಲೆ ಮೇಲಿರುವ ತಂತಿಸುರುಳಿಗಳಲ್ಲಿ ಸುಟ್ಟು, ಫ್ಯಾನು ಹಾಕಿ ಆ ಬಿಸಿಯನ್ನು ಗಾಳಿಗೆ ಬಿಡುವುದು. ಇಳಿಯುವ ಗಾಡಿಯಿಂದ ಫ್ಯಾನಿನ ಭೋರ್ಗರೆತ ಕೇಳುತ್ತಲ್ಲ, ಅದೇ ಇದು. ಎಂಜಿನ್ ಹೆಚ್ಚಿದಷ್ಟೂ ಹಿಡಿತ ಹೆಚ್ಚು, ಬೋಗಿಗಳ ಬ್ರೇಕು ತಣ್ಣಗೆ ಉಳಿದು ನಿಲ್ಲಿಸಬೇಕಾದ ಹೊತ್ತಿಗೆ ಕೆಲಸಕ್ಕೆ ಬರುತ್ತೆ.

ಗೂಡ್ಸಿನ ಲೆಕ್ಕ ಕೇಳಿದರೆ ಎದೆ ಝಲ್ಲೆನ್ನುತ್ತೆ. ಬಾಕ್ಸ್‌ಎನ್ ಅಂದರೆ ಮೇಲೆ ಮುಚ್ಚಳವಿಲ್ಲದ ಸರಕಿನ ವ್ಯಾಗನ್, ಪೂರ್ತಿ ತುಂಬಿದರೆ 81.28 ಟನ್. 58 ವ್ಯಾಗನ್ ಅಂದರೆ 4,700 ಟನ್. ಇಳಿಜಾರಿನ ಎಳೆತ 94 ಟನ್. ಗೂಡ್ಸಿಗೆ ಮುಂದೆ ಹಿಂದೆ ಎರಡೆರಡು, ಮೂರು ಎಂಜಿನ್ ಕಾಣೋದು ಇದಕ್ಕೇ.

ಇನ್ನು ಆ ಹತ್ತು ನಿಮಿಷ. ಬ್ಯಾಂಕರ್ ನಿಧಾನಕ್ಕೆ ಬಂದು ತಾಗಿ ಕೊಂಡಿ ಬೀಳುತ್ತೆ. ಆಮೇಲೆ ಗಾಳಿಯ ಹೋಸು ಜೋಡಿಸಬೇಕು. ಬ್ರೇಕ್ ಪೈಪ್ ಒಂದು, ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡ, ಅದು ಇಳಿದರೆ ಬ್ರೇಕ್ ಬೀಳುತ್ತೆ. ಫೀಡ್ ಪೈಪ್ ಇನ್ನೊಂದು, ಅದರಲ್ಲಿ 6 ಕೆ.ಜಿ. ಎರಡೂ ಕಡೆ ಆಂಗಲ್ ಕಾಕ್, ಅಂದರೆ ಪೈಪಿನ ತುದಿಯ ನಲ್ಲಿ, ತೆರೆಯಬೇಕು. ಹಿಂದಿನ ಎಂಜಿನ್ನಿನ ಬ್ರೇಕ್ ಹಿಡಿಯನ್ನು ಪೈಪಿನಿಂದ ಕಡಿದಿಡಬೇಕು, ಇಲ್ಲದಿದ್ದರೆ ಮುಂದಿನವರು ಬ್ರೇಕ್ ಹಾಕಿ ಗಾಳಿ ಇಳಿಸಿದಷ್ಟನ್ನೂ ಹಿಂದಿನ ಎಂಜಿನ್ ಮತ್ತೆ ತುಂಬುತ್ತಾ ಹೋಗುತ್ತೆ. ಕೊನೆಗೆ ಪರೀಕ್ಷೆ: ಮುಂದಿನ ಪೈಲಟ್, ಅಂದರೆ ಚಾಲಕರು, ಬ್ರೇಕ್ ಹಾಕ್ತಾರೆ, ಹಿಂದೆ ಗಾರ್ಡಿನ ಗೇಜಿನಲ್ಲಿ ಮುಳ್ಳು ಇಳೀತಾ ನೋಡ್ತಾರೆ. ಬಿಡ್ತಾರೆ, ಮುಳ್ಳು ಏರಬೇಕು. ಇಳಿಯದಿದ್ದರೆ ನಡುವೆ ಎಲ್ಲೋ ಒಂದು ಕಾಕ್ ಮುಚ್ಚಿದೆ ಅಥವಾ ಅರ್ಧ ತೆರೆದಿದೆ ಅಂತ ಅರ್ಥ. ಆ ಜಾಗದಿಂದ ಹಿಂದಕ್ಕೆ ಗಾಡಿಗೆ ಬ್ರೇಕೇ ಇಲ್ಲ! ಬಯಲು ಸೀಮೆಯಲ್ಲಿ ಇಂಥ ತಪ್ಪು ಸರಿಪಡಿಸಿಕೊಳ್ಳೋಕೆ ಸಮಯ ಸಿಗಬಹುದು, ಇಲ್ಲಿ ಸಿಗಲ್ಲ. ಅದಕ್ಕೆ ದಯವಿಟ್ಟು ಸಕಲೇಶಪುರದಲ್ಲಿ ಗಾಡಿ ಸುಮ್ಮನೆ ನಿಂತಿದೆ ಅಂತ ಯಾರೂ ಬೈಯಬೇಡಿ.

---

ಆಲೂರು ಅರಳಿಕಟ್ಟೆ

ತುಂಬಾ ಉಪಕಾರ ಆಯ್ತು. ಹಿಡಿಯೋಕೆ ಎಂಜಿನ್ ಅನ್ನೋದನ್ನು ದೊಡ್ಡ ಅಕ್ಷರದಲ್ಲೇ ಹಾಕ್ತೀನಿ. ಒಂದೇ ಅನುಮಾನ: ಇಷ್ಟೆಲ್ಲ ಮಾಡಿಯೂ ಗಾಡಿ ಹತೋಟಿ ತಪ್ಪಿದರೆ? ಎದುರಿನ ನಿಲ್ದಾಣದಲ್ಲಿ ಇನ್ನೊಂದು ಗಾಡಿ ನಿಂತಿರುತ್ತಲ್ಲ?

---

ಕೆಂಪುಹೊಳೆ 55

ಅದಕ್ಕೆ ಕ್ಯಾಚ್ ಸೈಡಿಂಗ್ ಇದೆ. ಘಟ್ಟದ ನಿಲ್ದಾಣ ಸಮೀಪಿಸುವಾಗ ಮುಖ್ಯ ಹಳಿಯಿಂದ ಒಡೆದು ಗುಡ್ಡದ ಕಡೆಗೆ ಏರಿ ಅಲ್ಲೇ ಮುಗಿದುಹೋಗುವ ಒಂದು ಹಳಿ ಕಾಣುತ್ತೆ. ಎಲ್ಲಿಗೂ ಹೋಗದ ಹಳಿ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಪಾಯಿಂಟು ಸದಾ ಆ ಹಳಿಗೇ ತಿರುಗಿರುತ್ತೆ. ಇಳಿದು ಬರುವ ಗಾಡಿ ಸಿಗ್ನಲ್ ಹೊರಗೆ ನಿಂತು, ಹತೋಟಿಯಲ್ಲಿದೆ ಅಂತ ತೋರಿಸಿದ ಮೇಲೆ ಪಾಯಿಂಟು ಮುಖ್ಯ ಹಳಿಗೆ ತಿರುಗುತ್ತೆ. ನಿಲ್ಲಲಾಗದ ಗಾಡಿ ನೇರ ಆ ಏರುಹಳಿಗೆ ನುಗ್ಗಿ ಅಲ್ಲಿ ವೇಗ ಕಳಕೊಳ್ಳುತ್ತೆ, ನಿಲ್ದಾಣದೊಳಗಿನ ಗಾಡಿಗೆ ಗುದ್ದಲ್ಲ.

ಇದರ ಜೋಡಿ ಸ್ಲಿಪ್ ಸೈಡಿಂಗ್. ಅದು ನಿಲ್ದಾಣದಲ್ಲಿ ನಿಂತ ಬೋಗಿಯೋ ವ್ಯಾಗನ್ನೋ ತಾನೇ ಜಾರಿ ಇಳಿಜಾರಿನ ಕಡೆ ಹೊರಟರೆ ಹಿಡಿಯೋಕೆ. ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಹೊರಗಿನಿಂದ ಒಳಗೆ ಬರುವುದನ್ನು ಹಿಡಿಯೋದು ಕ್ಯಾಚ್, ಒಳಗಿನಿಂದ ಹೊರಗೆ ಜಾರುವುದನ್ನು ಹಿಡಿಯೋದು ಸ್ಲಿಪ್. ನಿಲ್ದಾಣದ ಕಡೆಗೆ ಎಂಬತ್ತಕ್ಕೆ ಒಂದಕ್ಕಿಂತ ಕಡಿದಾದ ಇಳಿಜಾರಿದ್ದರೆ ಕ್ಯಾಚ್, ನಿಲ್ದಾಣದಿಂದ ಆಚೆಗೆ ನೂರಕ್ಕೆ ಒಂದಕ್ಕಿಂತ ಕಡಿದಾಗಿದ್ದರೆ ಸ್ಲಿಪ್ ಇರಬೇಕು ಅನ್ನೋದು ನಿಯಮ.

ಘಟ್ಟದಲ್ಲಿ ವೇಗದ ಮಿತಿ ಗಂಟೆಗೆ 30 ಕಿ.ಮೀ. 55 ಕಿ.ಮೀ.ಗೆ ಎಲ್ಲೂ ನಿಲ್ಲದೆ ಹೋದರೂ ಎರಡು ಗಂಟೆಗೆ ಹತ್ತೇ ನಿಮಿಷ ಕಮ್ಮಿ. ಒಂಟಿ ಹಳಿ, ಎದುರು ಗಾಡಿ ಬಂದರೆ ನಡುವಿನ ನಾಲ್ಕು ನಿಲ್ದಾಣಗಳಲ್ಲಿ ಒಂದರಲ್ಲಿ ಕಾಯಬೇಕು. ಬೆಂಗಳೂರು–ಮಂಗಳೂರಿಗೆ ಇನ್ನೂ ನಾಲ್ಕು ಗಾಡಿ ಕೊಡಿ ಅಂತ ಎಲ್ಲರೂ ಕೇಳ್ತಾರೆ, ಕೇಳಬೇಕಾದ್ದೇ. ಆದರೆ ಆ ಗಾಡಿ ಹೊರಡುವ ಊರಲ್ಲಿ ಜಾಗ ಇದೆಯೋ ಇಲ್ಲವೋ ಅನ್ನೋದು ಪ್ರಶ್ನೆಯೇ ಅಲ್ಲ. ದೋಣಿಗಲ್ಲಿಗೂ ಸಿರಿಬಾಗಿಲಿಗೂ ನಡುವೆ ಜಾಗ ಇದೆಯಾ ಅನ್ನೋದೇ ಪ್ರಶ್ನೆ.

---

ಹಾಸನ ಜಂಕ್ಷನ್ ಪ್ಲಾಟ್‌ಫಾರಂ 1

ಗಾಡಿಗಳ ವಿಷಯ ನಾನು ಹೇಳ್ತೀನಿ. ಗಂಟೆ ನಿಮಿಷ ಬರೆಯಲ್ಲ, ವೇಳಾಪಟ್ಟಿ ಬದಲಾಗ್ತಾ ಇರುತ್ತೆ. ನಂಬರ್ ಬರೆದುಕೊಂಡು, ಗಾಡಿ ಎಲ್ಲಿದೆ ಅಂತ ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪಿನಲ್ಲೋ 139ಕ್ಕೆ ಫೋನ್ ಮಾಡಿಯೋ ಅವತ್ತಿನ ಸಮಯ ನೋಡಿಕೊಳ್ಳಿ. ಸ್ಟೇಷನ್ ಕೋಡ್ ಎಸ್‌ಕೆಎಲ್‌ಆರ್. ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದು.

ಬೆಂಗಳೂರಿನಿಂದ ಹಗಲು ಘಟ್ಟ ಇಳಿಯುವ ಗಾಡಿ ವಾರದ ಏಳೂ ದಿನಕ್ಕೆ ಹಂಚಿದೆ, ಗಾಡಿ ಮಾತ್ರ ಬೇರೆ ಬೇರೆ. ಮೂರೂ ಹೊರಡೋದು ಯಶವಂತಪುರದಿಂದ.

ಸೋಮ, ಬುಧ, ಶುಕ್ರ: 16515, ಕಾರವಾರದ ತನಕ.
ಮಂಗಳ, ಗುರು, ಭಾನು: 16575 ಗೊಮ್ಮಟೇಶ್ವರ ಎಕ್ಸ್‌ಪ್ರೆಸ್, ಮಂಗಳೂರು ಜಂಕ್ಷನ್ ತನಕ.
ಶನಿ: 16539, ಇದೂ ಮಂಗಳೂರು ಜಂಕ್ಷನ್.

ವಾಪಸ್ ಬರೋದು: ಸೋಮ, ಬುಧ, ಶುಕ್ರ 16576, ಮಂಗಳ, ಗುರು, ಶನಿ 16516, ಭಾನು 16540. ದಿನ ತಪ್ಪಿ ನಂಬರ್ ಹಾಕಿದರೆ ಗಾಡಿಯೇ ಇಲ್ಲ ಅಂತ ತೋರಿಸುತ್ತೆ, ಜನ ಗಾಡಿ ರದ್ದಾಗಿದೆ ಅಂದುಕೊಳ್ತಾರೆ. ಹಾಗಲ್ಲ, ಬೇರೆ ನಂಬರ್ ಹಾಕಿ ನೋಡಿ.

ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಈ ಹಗಲು ಗಾಡಿಗಳಿಗೆ 2021ರ ಜುಲೈಯಿಂದ ಬಂತು. ಬೋಗಿಗೆ 44 ಸೀಟು, ಸೀಟು ಪೂರ್ತಿ ಹಿಂದಕ್ಕೆ ತಿರುಗುತ್ತೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತೆ, 2024ರ ನವೆಂಬರಿಗೆ ಮೊದಲಿದ್ದ 120 ದಿನ ಈಗಿಲ್ಲ. ಮಕ್ಕಳ ಗುಂಪಿಗೆ ವಿಸ್ಟಾಡೋಮ್ ದುಬಾರಿ. ಸಾಮಾನ್ಯ ಸೆಕೆಂಡ್ ಸಿಟಿಂಗ್ ಸಾಕು, ಅದರ ಕಿಟಕಿಯಲ್ಲಿ ಗಾಳಿಯೂ ಬರುತ್ತೆ, ಹೊಳೆಯ ಸದ್ದೂ ಬರುತ್ತೆ. ಬಾಗಿಲಲ್ಲಿ ನಿಲ್ಲಿಸಬೇಡಿ. ಸುರಂಗದ ಗೋಡೆ ಬೋಗಿಗೆ ತೀರಾ ಹತ್ತಿರ.

ಗುಂಪನ್ನು ಸಕಲೇಶಪುರದಲ್ಲಿ ಹತ್ತಿಸಿ ಸುಬ್ರಹ್ಮಣ್ಯ ರೋಡಿನಲ್ಲಿ ಇಳಿಸಿದರೆ ಘಟ್ಟ ಪೂರ್ತಿ ಆಗುತ್ತೆ. ಅಲ್ಲಿಂದ ಕುಕ್ಕೆಗೆ ಹನ್ನೆರಡು ಕಿ.ಮೀ. ಆಸುಪಾಸು. ಅದೇ ದಿನ ರೈಲಲ್ಲೇ ವಾಪಸ್ ಬರುವ ಯೋಚನೆ ಬಿಡಿ. ಎದುರಿನ ಹಗಲು ಗಾಡಿ ಆ ದಿನ ನೀವು ಇಳಿಯುವಷ್ಟರಲ್ಲಿ ಘಟ್ಟ ಹತ್ತಿ ಹೋಗಿರಬಹುದು, ರಾತ್ರಿ ಗಾಡಿಗೆ ಕಾದರೆ ಮಕ್ಕಳಿಗೆ ಕಷ್ಟ. ವಾಪಸ್ ಬಸ್ಸೇ ವಾಸಿ.

ರಾತ್ರಿ ಗಾಡಿಗಳು: 16511 ಬೆಂಗಳೂರು–ಕಣ್ಣೂರು, 16595 ಪಂಚಗಂಗಾ ಬೆಂಗಳೂರು–ಕಾರವಾರ, 16585 ಮೈಸೂರು ಮೇಲೆ ಮುರುಡೇಶ್ವರ. ವಿಜಯಪುರ–ಮಂಗಳೂರು ಗಾಡಿಯೂ ಹಾಸನದ ಮೇಲೇ ಘಟ್ಟ ಇಳಿಯೋದು. ಪಂಚಗಂಗಾ ಪಡೀಲ್ ಬಳಿ ಅಡ್ಡಹಳಿ ಹಿಡಿದು ಉಡುಪಿ ಕಡೆ ಹೋಗುತ್ತೆ, ಮಂಗಳೂರು ನಿಲ್ದಾಣಕ್ಕೆ ಹೋಗಲ್ಲ. ಮಂಗಳೂರಿಗೆ ಅಂತ ಹತ್ತುವವರು ಇದರಲ್ಲೇ ಎಡವೋದು.

2025ರಲ್ಲಿ ಜೂನ್ ಮೊದಲ ವಾರದಿಂದ ಹಗಲು ಗಾಡಿಗಳು ತಿಂಗಳುಗಟ್ಟಲೆ ಇರಲಿಲ್ಲ. ಅದು ಮಳೆಯಿಂದಲ್ಲ, ಘಟ್ಟಕ್ಕೆ 25,000 ವೋಲ್ಟಿನ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕೆ. ಸುರಂಗದೊಳಗೆ ಕಮಾನಿಗೆ ಬ್ರಾಕೆಟ್ ಕೂರಿಸೋಕೆ ಹಳಿ ಖಾಲಿ ಬೇಕು, ಹಗಲೇ ಬೇಕು. ಕೆಂಪುಹೊಳೆಯವರು ಹೇಳಿದ ಬ್ರೇಕಿನ ಮಾತಿಗೆ ಇದು ನೇರ ಸಂಬಂಧ: ಈಗಿನ ವಿದ್ಯುತ್ ಎಂಜಿನ್ ಇಳಿಯುವಾಗ ಹುಟ್ಟಿದ ಕರೆಂಟನ್ನು ತಲೆ ಮೇಲೆ ಸುಡಲ್ಲ, ತಂತಿಗೇ ವಾಪಸ್ ಕೊಡುತ್ತೆ. ಇಳಿಯುವ ಗಾಡಿಯ ಕರೆಂಟಲ್ಲಿ ಏರುವ ಗಾಡಿಗೆ ಒಂದು ಪಾಲು ಸಿಗುತ್ತೆ.

---

ಧರೆ ಮತ್ತು ಚರಂಡಿ

ಮಳೆಗಾಲದ ಪ್ರಶ್ನೆ ಉಳಿದಿದೆ.

ಗುಡ್ಡ ಜರಿಯೋದು ಮಳೆಯಿಂದ ಅಂತ ಬರೆದು ಬಿಟ್ಟರೆ ಅರ್ಧ ಉತ್ತರ. ಮಳೆ ಸಾವಿರಾರು ವರ್ಷದಿಂದ ಬೀಳ್ತಿದೆ. ಹಳಿಗೆ ಜಾಗ ಮಾಡೋಕೆ ಗುಡ್ಡದ ಒಂದು ಬದಿ ಕಡಿದು ಧರೆ ಮಾಡಿದ್ದಾರೆ, ಕಡಿದ ಮಣ್ಣನ್ನು ಇನ್ನೊಂದು ಬದಿಗೆ ತುಂಬಿದ್ದಾರೆ. ಮೇಲಿನ ಧರೆಯಲ್ಲಿ ಕೆಂಪುಮಣ್ಣು, ಕೆಳಗೆ ಬಂಡೆ. ನೀರು ಮಣ್ಣಿನಲ್ಲಿ ಇಳಿದು ಬಂಡೆ ಮೇಲೆ ನಿಂತು ಹರಿಯೋಕೆ ಶುರು ಮಾಡಿದಾಗ, ಮೇಲಿನ ಮಣ್ಣು ಎಣ್ಣೆ ಹಚ್ಚಿದ ಕಲ್ಲಿನ ಮೇಲೆ ಇಟ್ಟ ಹಾಗೆ ಜಾರುತ್ತೆ. ಇದು ಒಂದು ಬಗೆ. ಕೆಳಬದಿಯ ತುಂಬಿದ ಮಣ್ಣು ಕೊಚ್ಚಿಹೋಗಿ ಜಲ್ಲಿ, ಸ್ಲೀಪರ್ ಸಮೇತ ಹಳಿ ಗಾಳಿಯಲ್ಲಿ ತೂಗೋದು ಎರಡನೇ ಬಗೆ. ಮೊದಲನೆಯದನ್ನು ಜೆಸಿಬಿಯಲ್ಲಿ ಎತ್ತಿ ಒಂದೆರಡು ದಿನದಲ್ಲಿ ದಾರಿ ಮಾಡಬಹುದು. ಎರಡನೆಯದು ವಾರಗಟ್ಟಲೆ ಹಿಡಿಯುತ್ತೆ, ಯಾಕಂದರೆ ತಳದಿಂದ ಕಲ್ಲು, ಮರಳಿನ ಚೀಲ, ತಂತಿ ಬಲೆಯ ಪೆಟ್ಟಿಗೆ ಇಟ್ಟು ಕಟ್ಟಿಕೊಂಡು ಬರಬೇಕು. ಸಾಮಾನು ತರೋದೂ ಹಳಿ ಮೇಲೇ. ಎಡಕುಮೇರಿ ಕಡೆಗೆ ಲಾರಿ ಹೋಗುವ ರಸ್ತೆ ಎಲ್ಲಿದೆ?

2018ರ ಆಗಸ್ಟಿನಲ್ಲಿ ಒಂದಲ್ಲ, ಸಾಲು ಸಾಲು ಕಡೆ ಜರಿದು ಲೈನ್ ವಾರಗಟ್ಟಲೆ ನಿಂತಿತ್ತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡವೇ ಕುಸಿದು ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು ಆಗಸ್ಟ್ ಎರಡನೇ ವಾರದ ಹೊತ್ತಿಗೆ. ಅಂಥ ದಿನಗಳಲ್ಲಿ ಕಣ್ಣೂರು ಗಾಡಿಯನ್ನು ಸೇಲಂ, ಪಾಲಕ್ಕಾಡ್, ಶೊರನೂರು ಸುತ್ತಿಸಿ ಕಳಿಸುತ್ತಾರೆ. ಸಕಲೇಶಪುರದ ಟಿಕೆಟ್ ಇಟ್ಟುಕೊಂಡವರಿಗೆ ಅದು ಪ್ರಯೋಜನವಿಲ್ಲ, ರದ್ದು ಮಾಡಿ ಹಣ ವಾಪಸ್ ತಗೊಳ್ಳಿ.

ತಡೆಯೋದು ಹೇಗೆ? ಧರೆಯ ನೆತ್ತಿಯಲ್ಲಿ ಹೋಗುವ ಮೇಲ್ಚರಂಡಿ ಸ್ವಚ್ಛ ಇರಬೇಕು, ಅದೇ ಮೊದಲು, ಅದೇ ಕೊನೆ. ಆ ಚರಂಡಿ ಎಲೆಕಸ ತುಂಬಿ ಒಂದು ಕಡೆ ಉಕ್ಕಿದರೆ ಸಾಕು, ಅದೇ ಜಾಗದಲ್ಲಿ ಧರೆ ಬಾಯಿ ಬಿಡುತ್ತೆ. ಕಾಫಿ ತೋಟದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಜೂನ್ ಬರುವ ಮೊದಲು ಸಡಿಲ ಬಂಡೆ ಉರುಳಿಸಿ ತೆಗೆಯೋದು, ಬಲೆ ಹೊದಿಸೋದು, ಮಳೆಗಾಲವಿಡೀ ಹಗಲು ರಾತ್ರಿ ಗಸ್ತು. ಟಾರ್ಚು, ಕೊಡೆ, ಕೆಂಪು ಬಾವುಟ, ಹಳಿ ಮೇಲಿಟ್ಟು ಸಿಡಿಸುವ ಡಿಟೊನೇಟರ್ ಹಿಡಿದು ಸುರಂಗದಿಂದ ಸುರಂಗಕ್ಕೆ ನಡೆಯುವ ಆ ಗ್ಯಾಂಗಿನವರ ಹೆಸರು ಯಾವ ಫಲಕದಲ್ಲೂ ಇಲ್ಲ. ಗೋಡೆ ಪತ್ರಿಕೆಯಲ್ಲಿ ಅವರಿಗೆ ಒಂದು ಸಾಲು ಕೊಡಿ.

---

ಮಂಜರಾಬಾದ್ ಮಂಜು

ಮೇಲಿನವರ ಮಾತಿಗೆ ಒಂದು ಹೋಲಿಕೆ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಓಬನ್ ಅಂತ ಪುಟ್ಟ ಊರು. 1880ರಲ್ಲಿ ಅಲ್ಲಿಗೆ ರೈಲು ಬಂತು. ದಾರಿಯಲ್ಲಿ ಬ್ರ್ಯಾಂಡರ್ ಕಣಿವೆ, ಒಂದು ಕಡೆ ಸರೋವರ, ಇನ್ನೊಂದು ಕಡೆ ಕಲ್ಲುಗುಡ್ಡ. ಮರುವರ್ಷವೇ, 1881ರಲ್ಲಿ, ಗಾಡಿಗೆ ಬಂಡೆ ಬಡಿಯಿತು. ಕಂಪನಿಯವರು 1882ರಲ್ಲಿ ಮಾಡಿದ ಉಪಾಯ ಇವತ್ತಿಗೂ ಕೆಲಸ ಮಾಡ್ತಿದೆ: ಗುಡ್ಡದ ಬದಿಗೆ ಸುಮಾರು 6 ಕಿ.ಮೀ. ಉದ್ದಕ್ಕೆ ತಂತಿಬೇಲಿ. ತಂತಿ ಬಿಗಿಯಾಗಿರುವ ತನಕ ಸಿಗ್ನಲಿನ ಕೈ ಹೋಗಬಹುದು ಅಂತ ತೋರಿಸುತ್ತೆ. ಬಂಡೆ ಬಿದ್ದು ತಂತಿ ಕಡಿದರೆ ಕೈ ತನ್ನ ಭಾರಕ್ಕೇ ಅಪಾಯದ ಕಡೆ ಬೀಳುತ್ತೆ. ಕರೆಂಟು ಬೇಡ, ನೋಡುವವರು ಬೇಡ. ಕೆಟ್ಟರೂ ಅದು ಅಪಾಯವನ್ನೇ ತೋರಿಸುತ್ತೆ, ಅದೇ ಅದರ ಜಾಣತನ. ಗಾಳಿಗೆ ತಂತಿಗಳು ಗುಂಯ್ಗುಡುವುದರಿಂದ ಅದಕ್ಕೆ ಆ್ಯಂಡರ್ಸನ್ನನ ಪಿಯಾನೋ ಅಂತ ಹೆಸರು. ಆ್ಯಂಡರ್ಸನ್ ಆಗ ಕಂಪನಿಯ ಕಾರ್ಯದರ್ಶಿ. ನಮ್ಮ ಕೊಂಕಣ ರೈಲ್ವೆಯ ರಕ್ಷಾ ಧಾಗಾ ಕೂಡ ಇದೇ ತತ್ವದ ಮೇಲೆ ಮಾಡಿದ್ದು.

ಅದಕ್ಕೂ ಮಿತಿ ಇದೆ. 2010ರ ಜೂನ್‌ನಲ್ಲಿ ಅದೇ ಕಣಿವೆಯಲ್ಲಿ ಗಾಡಿ ಬಂಡೆಗೆ ಬಡಿದು ಹಳಿ ತಪ್ಪಿತು. ಆ ಬಂಡೆ ಬಿದ್ದದ್ದು ಬೇಲಿಯ ಕೆಳಗಿನ, ಹಳಿ ಪಕ್ಕದ ಧರೆಯಿಂದ. ಮರದ ಬೇರು ಅದನ್ನು ಸಡಿಲ ಮಾಡಿತ್ತು. ತಂತಿ ಕಡಿಯಲೇ ಇಲ್ಲ. ಹಾಗಾಗಿ ಬೇಲಿ, ಸೆನ್ಸರ್ ಏನೇ ಬರಲಿ, ಧರೆ ಮುಟ್ಟಿ ನೋಡುವ ಮನುಷ್ಯ ಬೇಕೇ ಬೇಕು.

ಅಲ್ಲೇ ಫಾಲ್ಸ್ ಆಫ್ ಕ್ರೂಅಹನ್ ಅಂತ ಒಂದು ನಿಲ್ದಾಣ. ದೀಪ ಇಲ್ಲ, ಆದ್ದರಿಂದ ಬೇಸಿಗೆಯಲ್ಲಿ, ಹಗಲಿನಲ್ಲಿ ಮಾತ್ರ ಗಾಡಿ ನಿಲ್ಲುತ್ತೆ, ಅದೂ ಕೈ ಮಾಡಿದರೆ. ಓಬನ್ ಮಾರ್ಗದ ಪೂರ್ವಾರ್ಧವನ್ನು 1965ರ ನವೆಂಬರಲ್ಲಿ ಮುಚ್ಚಬೇಕು ಅಂತ ಮೊದಲೇ ತೀರ್ಮಾನ ಆಗಿತ್ತು. ಸೆಪ್ಟೆಂಬರಲ್ಲಿ ಗ್ಲೆನ್ ಓಗಲ್ ಕಣಿವೆಯಲ್ಲಿ ಗುಡ್ಡ ಜರೀತು, ಇನ್ನು ರಿಪೇರಿ ಯಾಕೆ ಅಂತ ಅವತ್ತೇ ಬಿಟ್ಟುಬಿಟ್ಟರು. ಈಗ ಓಬನ್ ಗಾಡಿ ಗ್ಲಾಸ್ಗೋದಿಂದ ಕ್ರಿಯನ್‌ಲಾರಿಕ್ ಸುತ್ತಿ ಹೋಗುತ್ತೆ, ಅಲ್ಲಿ ಕೆಲವು ಗಾಡಿಗಳನ್ನು ಎರಡಾಗಿ ಒಡೆದು ಅರ್ಧ ಓಬನ್ನಿಗೆ, ಅರ್ಧ ಫೋರ್ಟ್ ವಿಲಿಯಂ ಕಡೆ. ಸಕಲೇಶಪುರದ ಲೈನ್ ಪ್ರತಿ ಸಲ ಜರಿದರೂ ಪ್ರತಿ ಸಲ ಕಟ್ಟಿ ನಿಲ್ಲಿಸಿದ್ದಾರೆ. ಹಿಂದೆ ಒಂದು ಬಂದರು ಇರುವುದು ಅದಕ್ಕೆ ದೊಡ್ಡ ಕಾರಣ.

---

ಚಿಕ್ಕಮಗಳೂರು ಕಡೂರು ಲೈನ್

ನಡುವೆ ಬಾಯಿ ಹಾಕ್ತೀನಿ. ಚಿಕ್ಕಮಗಳೂರಿನಿಂದ ಸಕಲೇಶಪುರಕ್ಕೆ ರೈಲಲ್ಲಿ ಬರಬಹುದಾ?

---

ಹಾಸನ ಜಂಕ್ಷನ್ ಪ್ಲಾಟ್‌ಫಾರಂ 1

ಈಗ ಆಗಲ್ಲ. ಕಡೂರು–ಚಿಕ್ಕಮಗಳೂರು ಮಾರ್ಗ 2013ರ ನವೆಂಬರಲ್ಲಿ ಆಯ್ತು, ಚಿಕ್ಕಮಗಳೂರಲ್ಲೇ ಹಳಿ ಮುಗಿಯುತ್ತೆ. ಮೂಲ ಯೋಜನೆಯಲ್ಲಿ ಅದು ಸಕಲೇಶಪುರದ ತನಕ ಹೋಗಬೇಕಿತ್ತು. ಈಗ ಕೆಲಸ ಇರೋದು ಬೇಲೂರಿನ ಮೇಲೆ ಹಾಸನಕ್ಕೆ ಸೇರಿಸೋಕೆ. ಅಲ್ಲಿಯವರೆಗೆ ಬಸ್ಸಿನಲ್ಲಿ ಬೇಲೂರು ಮೇಲೆ ಹಾಸನಕ್ಕೆ ಬಂದು ಹಗಲು ಗಾಡಿ ಹಿಡಿಯಿರಿ. ಸಕಲೇಶಪುರಕ್ಕೇ ಬಂದು ಹತ್ತೋದಕ್ಕಿಂತ ಹಾಸನದಲ್ಲಿ ಹತ್ತಿದರೆ ಆಲೂರು, ಬಾಳ್ಳುಪೇಟೆ ದಾಟಿ ಬಯಲು ಮಲೆನಾಡಾಗೋದನ್ನೂ ನೋಡಬಹುದು, ನಲವತ್ತು ಕಿ.ಮೀ. ಅಷ್ಟೇ.

---

ಧರೆ ಮತ್ತು ಚರಂಡಿ

ಮಕ್ಕಳ ಪತ್ರಿಕೆ ಅಂದದ್ದರಿಂದ ಇದನ್ನೂ ಸೇರಿಸಿ. ದೋಣಿಗಲ್ಲಿನಿಂದ ಎಡಕುಮೇರಿಗೆ ಹಳಿ ಮೇಲೆ ಚಾರಣ ಅಂತ ಇಂಟರ್ನೆಟ್ಟಿನಲ್ಲಿ ಇನ್ನೂ ಫೋಟೊ ಓಡಾಡ್ತಿವೆ. ಅದು ನಿಷೇಧ. ರೈಲ್ವೆ ಕಾಯ್ದೆ 1989ರ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ಬದಿಗಿಡಿ: ಸೇತುವೆ ಮೇಲೆ ಪಕ್ಕಕ್ಕೆ ಸರಿಯೋಕೆ ಜಾಗ ಇಲ್ಲ. ತಿರುವಿನ ಸುರಂಗದಲ್ಲಿ ಗಾಡಿ ಹತ್ತಿರ ಬರುವ ತನಕ ಕಾಣಲ್ಲ. ಇಳಿಯುವ ಗಾಡಿ ಏರುವ ಗಾಡಿಯಷ್ಟು ಸದ್ದು ಮಾಡಲ್ಲ. ಮೂವತ್ತರ ವೇಗದಲ್ಲಿದ್ದರೂ ಆ ಇಳಿಜಾರಿನಲ್ಲಿ ಪೈಲಟ್ ನಿಮ್ಮನ್ನು ಕಂಡ ಮೇಲೆ ನಿಲ್ಲಿಸಲಾರರು.

---

ಆಲೂರು ಅರಳಿಕಟ್ಟೆ

ಎಲ್ಲರಿಗೂ ನಮಸ್ಕಾರ. ಇಸವಿಗಳನ್ನು 1979, 1996, 2006, 2007, 2017 ಅಂತ ಸಾಲಾಗಿ ಹಾಕಿ ಪ್ರತಿಯೊಂದರ ಪಕ್ಕ ಏನಾಯ್ತು ಅಂತ ಬರೆಯುತ್ತಿದ್ದೇನೆ. ಗ್ಯಾಂಗಿನವರಿಗೆ ಒಂದು ಸಾಲಲ್ಲ, ಒಂದು ಕಾಲಂ ಇಟ್ಟಿದ್ದೇನೆ. ಗಾಡಿಯನ್ನು ಮಂಗಳವಾರಕ್ಕೆ, 16575ಕ್ಕೆ ಗೊತ್ತು ಮಾಡ್ತೀವಿ, ವಾಪಸ್ ಬಸ್ಸು.